ಇಪ್ಪತ್ತೇಳರಲ್ಲಿ ಅಕ್ಷರಾಭ್ಯಾಸ

ವಾರಪತ್ರಿಕೆಯಲ್ಲಿ ಧಾರಾವಾಹಿಯ ಪುಟವನ್ನು ತೆರೆದೊಡನೆ ವಾಚಕರ ದೃಷ್ಟಿ ಮೊದಲು ಬೀಳುವುದು ಚಿತ್ರದ ಮೇಲೆ. ಕಥಾನಾಯಕಿ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಮುದುಕನೊಬ್ಬ ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾನೆ. ಒಂದಕ್ಷರ ಓದುವ ಮುನ್ನವೇ ಅವರ ಕಷ್ಟಸುಖ ಅರ್ಧ ತಿಳಿದುಹೋಗಿರುತ್ತದೆ. ಇಂಥ ಚಿತ್ರಗಳನ್ನು ಬರೆಯಬೇಕೆಂಬ ಹಂಬಲದಿಂದ ಎಷ್ಟೋ ಮಂದಿ ತರುಣರು ಕಾಗದ ಸೀಸದಕಡ್ಡಿ ಹಿಡಿದು ಕುಳಿತುಕೊಳ್ಳುತ್ತಾರೆ. ಮುಖ ಹೇಗೋ ಬರುತ್ತದೆ. ತೊಡಕು ಕತ್ತಿನಿಂದ ಕೆಳಗೆ. ಆದ್ದರಿಂದಲೇ ಹೊಸಬರ ಚಿತ್ರಗಳಲ್ಲಿ ನಾಯಕನ ಕೈಗಳು ಸದಾ ಬೆನ್ನ ಹಿಂದೆ ಇರುತ್ತವೆ, ನಾಯಕಿಯ ಪಾದಗಳು ಹುಲ್ಲಿನಲ್ಲಿ ಅಡಗಿರುತ್ತವೆ.

ಸೂರ್ಯಕಾಂತಿ ಹೂಗಳ ಚಿತ್ರಕಾರನೆಂದು ಇಂದು ಜಗತ್ತೇ ಅರಿತಿರುವ ವಿನ್ಸೆಂಟ್ ವಾನ್ ಗಾಗ್ ಮೊದಮೊದಲು ಬಯಸಿದ್ದು ಇಷ್ಟನ್ನೇ: ಸಚಿತ್ರ ಪತ್ರಿಕೆಗಳಿಗೆ ಮನುಷ್ಯರ ಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯಬೇಕು ಎಂದು. 1880ರಲ್ಲಿ ಅವನಿಗೆ 27 ವರ್ಷ. ಚಿತ್ರ ಮಾರುವ ಅಂಗಡಿಯ ಗುಮಾಸ್ತಗಿರಿ ಹೋಗಿತ್ತು. ಉಪಾಧ್ಯಾಯ ವೃತ್ತಿ ನಿಲ್ಲಲಿಲ್ಲ. ಬೆಲ್ಜಿಯಮ್ಮಿನ ಬೋರಿನಾಜ್ ಎಂಬ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ ಧರ್ಮಬೋಧಕನಾಗಿದ್ದ ಕೆಲಸವೂ ಕೈಬಿಟ್ಟಿತ್ತು. ತಮ್ಮನಾದ ಥಿಯೋ ಕಳುಹಿಸುವ ಹಣವೇ ಮುಂದಿನ ಜೀವನಕ್ಕೆ ಆಧಾರವಾಗಬೇಕಾಗಿತ್ತು. ಆ ವಯಸ್ಸಿಗೆ ಇತರರು ಗೃಹಸ್ಥರಾಗಿ ನೆಲೆನಿಂತಿರುತ್ತಾರೆ. ವಿನ್ಸೆಂಟ್ ಗಣಿ ಕೆಲಸಗಾರನ ಮನೆಯ ಸಣ್ಣ ಕೋಣೆಯಲ್ಲಿ ಕುಳಿತು ಗೆರೆ ಎಳೆಯುವುದನ್ನು ಕಲಿಯತೊಡಗಿದನು.

ಗುರುವಿಲ್ಲ, ಶಾಲೆಯಿಲ್ಲ; ಇದ್ದುದು ಅಚ್ಚಿನ ಹಾಳೆಗಳು. ಶಾರ್ಲ್ ಬಾರ್ಗ್ ಎಂಬ ಫ್ರೆಂಚ್ ಕಲಾವಿದ, ಜೆರೋಮನ ನೆರವಿನಿಂದ ಸಿದ್ಧಪಡಿಸಿದ ಚಿತ್ರಪಾಠಗಳನ್ನು ಗೂಪಿಲ್ ಸಂಸ್ಥೆ ಪ್ರಕಟಿಸಿತ್ತು. ವಿನ್ಸೆಂಟ್ ಹಿಂದೆ ಗುಮಾಸ್ತನಾಗಿದ್ದುದೂ ಆ ಸಂಸ್ಥೆಯಲ್ಲಿಯೇ. ಅಲ್ಲಿನ ಹಳೆಯ ಮೇಲಧಿಕಾರಿಯಿಂದ ಅವನು ಈ ಹಾಳೆಗಳನ್ನು ಎರವಲು ತರಿಸಿಕೊಂಡನು. ಮೊದಲ ಪಾಠಗಳಲ್ಲಿ ಒಂದು ಕಿವಿ, ಒಂದು ಪಾದ, ಒಂದು ಕೈ. ಪಕ್ಕದಲ್ಲಿ ಅದರ ಹೊರರೂಪ ನಾಲ್ಕಾರು ನೇರ ಗೆರೆಗಳಲ್ಲಿ ಮಾತ್ರ. ಬಾಗು ಬಳುಕುಗಳೆಲ್ಲ ಆಮೇಲೆ. ಇದ್ದಲಿನ ಅಭ್ಯಾಸಗಳೆಂಬ ಭಾಗದಲ್ಲಿ 60 ಹಾಳೆಗಳು, ನಿಂತ ಕುಳಿತ ಬಾಗಿದ ನಗ್ನ ಪುರುಷರ ಬರಿಯ ರೇಖಾಚಿತ್ರಗಳು. ವಿನ್ಸೆಂಟ್ ಅಷ್ಟನ್ನೂ ಬರೆದನು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರೆದನು. ಆ ವರ್ಷದ ಅಕ್ಟೋಬರಿನಲ್ಲಿ ಬ್ರಸೆಲ್ಸ್ ನಗರಕ್ಕೆ ಹೋದಾಗ ಅಂಗರಚನೆಯ ಪುಸ್ತಕವೊಂದನ್ನು ಹಿಡಿದು ಅಸ್ಥಿಪಂಜರವನ್ನೂ ಸ್ನಾಯುಗಳನ್ನೂ ದೊಡ್ಡ ಕಾಗದಗಳ ಮೇಲೆ ಇಳಿಸಿದನು.

ನಕಲಿನಿಂದ ನಿಜ ಮನುಷ್ಯನ ಕಡೆಗೆ ತಿರುಗಿದಾಗ ನಿಜವಾದ ಸಂಕಟ ಮೊದಲಾಯಿತು. 1881ರಲ್ಲಿ ಅವನು ಹಾಲೆಂಡಿನ ಎಟನ್ ಎಂಬ ಹಳ್ಳಿಯಲ್ಲಿ ತಂದೆತಾಯಿಗಳ ಮನೆಯಲ್ಲಿದ್ದನು. ಸಲಿಕೆ ಹಿಡಿದು ಅಗೆಯುವವನನ್ನು ಐದು ಸಲ, ಬೀಜ ಬಿತ್ತುವವನನ್ನು ಎರಡು ಸಲ, ಕಸಪೊರಕೆ ಹಿಡಿದ ಹುಡುಗಿಯನ್ನು ಎರಡು ಸಲ ಬರೆದುದಾಗಿ ತಮ್ಮನಿಗೆ ತಿಳಿಸಿದ್ದಾನೆ. ಆದರೆ ರೈತರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಚಿತ್ರಕ್ಕೆ ನಿಲ್ಲುವುದೆಂದರೆ ಅವರಿಗೆ ಭಾನುವಾರದ ಉಡುಪು ಬೇಕು! ಮಡಿಕೆ ಕೆಡದ ಆ ಬಟ್ಟೆಯಲ್ಲಿ ಮೊಣಕಾಲಿನ ಉಬ್ಬಿಲ್ಲ, ಮೊಣಕೈಯ ಗುಳಿಯಿಲ್ಲ, ಹೆಗಲ ಎಲುಬಿನ ಗುರುತಿಲ್ಲ ಎಂದು ವಿನ್ಸೆಂಟನ ಗೋಳು. ಕಥೆಗಳಿಗೆ ಚಿತ್ರ ಬರೆಯುವವರು ಈ ಗೋಳನ್ನು ತಮ್ಮ ಮೇಜಿನ ಎದುರಿಗೆ ಅಂಟಿಸಿಟ್ಟುಕೊಳ್ಳಬಹುದು. ಪಾತ್ರದ ಗುಣಶೀಲ ಹುಬ್ಬು ಮೀಸೆಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ದೇಹ ದಿನವೂ ದುಡಿದು ಬಟ್ಟೆಯ ಮೇಲೆ ಒತ್ತಿದ ಮುದ್ರೆಯಲ್ಲಿ ಇರುತ್ತದೆ. ಕೂಲಿಯವನಿಗೂ ಜಮೀನ್ದಾರನಿಗೂ ಒಂದೇ ಬೆನ್ನು ಬರೆದು, ತಲೆಯ ಮೇಲೆ ಬೇರೆ ಬೇರೆ ರುಮಾಲು ಇಟ್ಟರೆ ಯಾರೂ ನಂಬುವುದಿಲ್ಲ.

ಅದೇ ವರ್ಷದ ಕೊನೆಯಲ್ಲಿ ವಿನ್ಸೆಂಟ್ ಹೇಗ್ ನಗರದ ಪ್ರಸಿದ್ಧ ಚಿತ್ರಕಾರನೂ ತನ್ನ ಬಂಧುವೂ ಆದ ಆಂಟನ್ ಮೌವೆಯ ಬಳಿ ತನ್ನ ಕೆಲಸವನ್ನು ಒಯ್ದನು. ಮೌವೆ ನೋಡಿದೊಡನೆ ದೋಷವನ್ನು ಹಿಡಿದನು: ನೀನು ಮಾದರಿಗೆ ತೀರ ಹತ್ತಿರ ಕುಳಿತುಕೊಳ್ಳುತ್ತೀಯೆ ಎಂದು. ಮಾತು ಚಿಕ್ಕದು, ಆದರೆ ಎಷ್ಟೋ ಜನ ಎಷ್ಟೋ ವರ್ಷ ತಪ್ಪುತ್ತಿರುವುದು ಇಲ್ಲಿಯೇ. ಎರಡು ಮೊಳ ದೂರದಲ್ಲಿ ನಿಂತ ಮನುಷ್ಯನನ್ನು ಒಂದೇ ನೋಟದಲ್ಲಿ ಕಾಣಲಾಗದು. ತಲೆಯನ್ನು ನೋಡುವಾಗ ಕಣ್ಣು ಮೇಲಕ್ಕೆ, ಪಾದವನ್ನು ನೋಡುವಾಗ ಕೆಳಕ್ಕೆ. ಹೀಗೆ ತುಂಡು ತುಂಡಾಗಿ ನೋಡಿ ಬರೆದುದನ್ನು ಜೋಡಿಸಿದರೆ ತಲೆಗೆ ತಕ್ಕ ಮುಂಡವಿಲ್ಲ, ಮುಂಡಕ್ಕೆ ತಕ್ಕ ಕಾಲಿಲ್ಲ. ಹಿಂದಕ್ಕೆ ಸರಿದು, ತೋಳನ್ನು ನೀಡಿ, ಕಡ್ಡಿಯ ತುದಿಯಿಂದ ತಲೆಯ ಉದ್ದವನ್ನು ಅಳೆದು, ಇಡೀ ಮೈಯಲ್ಲಿ ಅಂಥವು ಎಷ್ಟಿವೆಯೆಂದು ಎಣಿಸಬೇಕು. ಬೆಳೆದ ಮನುಷ್ಯನಿಗೆ ಸಾಧಾರಣವಾಗಿ ಏಳು, ಏಳೂವರೆ. ಮಗುವಿಗೆ ಬಹಳ ಕಡಮೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವನ ಕೊರಳ ಗುಳಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಬಳಿಗೇ ಬರುತ್ತದೆ. ಬರದಿದ್ದರೆ ಚಿತ್ರದ ಮನುಷ್ಯ ಬೀಳುತ್ತಿದ್ದಾನೆಂದೇ ಅರ್ಥ.

ಮೌವೆಯೊಡನೆ ಸ್ನೇಹ ಬಹಳ ಕಾಲ ಉಳಿಯಲಿಲ್ಲ. 1882ರ ಮೊದಲ ತಿಂಗಳುಗಳಲ್ಲಿ ಅವನು ಪ್ಲಾಸ್ಟರ್ ಬೊಂಬೆಗಳನ್ನು ನೋಡಿ ಬರೆಯಲು ಹೇಳಿದನು. ಜೀವಂತ ಮನುಷ್ಯರಿರುವಾಗ ಬೊಂಬೆ ಏಕೆಂದು ವಿನ್ಸೆಂಟ್ ಸಿಟ್ಟಿಗೆದ್ದು ಆ ಕೈಕಾಲುಗಳನ್ನೆಲ್ಲ ಇದ್ದಲಿನ ಡಬ್ಬಕ್ಕೆ ಎಸೆದು ಪುಡಿಮಾಡಿದನು. ಇದು ಹಟವೇ ಹೊರತು ವಿವೇಕವಲ್ಲ. ಬೊಂಬೆ ಅಲುಗಾಡುವುದಿಲ್ಲ, ಕೂಲಿ ಕೇಳುವುದಿಲ್ಲ, ನೆರಳು ಒಂದೇ ಕಡೆ ನಿಂತಿರುತ್ತದೆ. ಕಲಿಯುವವನಿಗೆ ಇನ್ನೇನು ಬೇಕು? ನಾಲ್ಕು ವರ್ಷಗಳ ತರುವಾಯ ಪ್ಯಾರಿಸಿನಲ್ಲಿ ಇದೇ ವಿನ್ಸೆಂಟ್ ಪ್ಲಾಸ್ಟರ್ ಬೊಂಬೆಗಳ ಮುಂದೆ ತಾನಾಗಿ ಕುಳಿತನು.

ಅಂತೂ ಹೇಗ್ ನಗರದ ದಿನಗಳು ಅವನ ನಿಜವಾದ ಗುರುಕುಲವಾದವು. ಥಿಯೋ ಕಳುಹಿಸುತ್ತಿದ್ದ ತಿಂಗಳ 150 ಫ್ರಾಂಕುಗಳಲ್ಲಿ ಊಟದ ಪಾಲನ್ನು ಕಡಿದು ಮಾದರಿಗಳಿಗೆ ಕೊಡುತ್ತಿದ್ದನು. ವೃದ್ಧಾಶ್ರಮದಿಂದ ಝಾಯ್ಡರ್ಲಾಂಡ್ ಎಂಬ ಎಪ್ಪತ್ತು ದಾಟಿದ ಮುದುಕ ಬರುತ್ತಿದ್ದನು. ತೋಳಿನ ಮೇಲೆ ಆಶ್ರಮದ ಸಂಖ್ಯೆ 199. ಅವನನ್ನು ಕೊಡೆ ಹಿಡಿಸಿ ಬರೆದನು, ಕೋಲು ಹಿಡಿಸಿ ಬರೆದನು, ಕಾಫಿ ಕುಡಿಯುವಾಗ ಬರೆದನು, ಬೆನ್ನು ಕಾಣುವಂತೆ ನಿಲ್ಲಿಸಿ ಬರೆದನು. ಒಬ್ಬನೇ ಮನುಷ್ಯ, ಹತ್ತಾರು ಭಂಗಿ. ಧಾರಾವಾಹಿಯ ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಸಾಧನೆಯಿಲ್ಲ; ಏಕೆಂದರೆ ಮೊದಲ ಕಂತಿನ ನಾಯಕ ಹನ್ನೊಂದನೆಯ ಕಂತಿನಲ್ಲಿ ಬೆನ್ನು ತಿರುಗಿಸಿ ಹೋದರೂ ವಾಚಕರು ಅವನನ್ನು ಗುರುತಿಸಬೇಕು. ಮುಂಗೈಗಳಲ್ಲಿ ಮುಖ ಹುದುಗಿಸಿ ಕುಳಿತ ಮುದುಕನ ಪ್ರಸಿದ್ಧ ಕಲ್ಲಚ್ಚಿನ ಚಿತ್ರ ಹುಟ್ಟಿದ್ದು ಆಗಲೇ, 1882ರ ನವೆಂಬರಿನಲ್ಲಿ. ಅದರಲ್ಲಿ ಮುಖವೇ ಕಾಣುವುದಿಲ್ಲ. ದುಃಖವೆಲ್ಲ ಬಾಗಿದ ಬೆನ್ನಿನಲ್ಲಿದೆ.

ಆ ಕಾಲದಲ್ಲಿ ಅವನ ಆರಾಧ್ಯ ದೈವ ಲಂಡನ್ನಿನ 'ಗ್ರಾಫಿಕ್' ವಾರಪತ್ರಿಕೆ. 1883ರ ಆರಂಭದಲ್ಲಿ ಅದರ 21 ಸಂಪುಟಗಳನ್ನು ಕೊಂಡು ತಂದನು. ಅದರ ಮೊದಲ ಸಂಚಿಕೆಯಲ್ಲಿ, 1869ರ ಡಿಸೆಂಬರಿನಲ್ಲಿ, ಲ್ಯೂಕ್ ಫಿಲ್ಡ್ಸ್ ಎಂಬ ತರುಣನ ಮರದಚ್ಚಿನ ಚಿತ್ರವೊಂದು ಬಂದಿತ್ತು: ರಾತ್ರಿಯ ಆಸರೆಗಾಗಿ ಚಳಿಯಲ್ಲಿ ಸಾಲಾಗಿ ನಿಂತ ಬಡವರು. ಅದು ಚಾರ್ಲ್ಸ್ ಡಿಕನ್ಸನ ಕಣ್ಣಿಗೆ ಬಿದ್ದು, 1870ರಲ್ಲಿ ಅವನ ಕೊನೆಯ ಧಾರಾವಾಹಿಯಾದ 'ಎಡ್ವಿನ್ ಡ್ರೂಡ್' ಕಾದಂಬರಿಗೆ ಚಿತ್ರ ಬರೆಯುವ ಭಾಗ್ಯ ಫಿಲ್ಡ್ಸನಿಗೆ ದೊರೆಯಿತು. ಇಂಥ ಭಾಗ್ಯ ವಿನ್ಸೆಂಟನಿಗೆ ಬರಲಿಲ್ಲ. ಯಾವ ಪತ್ರಿಕೆಯೂ ಅವನಿಗೆ ಕೆಲಸ ಕೊಡಲಿಲ್ಲ.

ಮುಂದೆ ನ್ಯೂನೆನ್ ಗ್ರಾಮದಲ್ಲಿ ರೈತರ ತಲೆಗಳನ್ನು ಒಂದಾದ ಮೇಲೊಂದರಂತೆ ಹತ್ತಾರು ಬರೆದು, 1885ರಲ್ಲಿ 'ಆಲೂಗೆಡ್ಡೆ ತಿನ್ನುವವರು' ಎಂಬ ಚಿತ್ರವನ್ನು ಪೂರೈಸಿದನು. ಅದರ ಕಲ್ಲಚ್ಚಿನ ಪ್ರತಿಯನ್ನು ನೋಡಿದ ಗೆಳೆಯ ರಾಪ್ಪಾರ್ಡ್, ಬಲಗಡೆಯ ಮನುಷ್ಯನಿಗೆ ಮೊಣಕಾಲಿಲ್ಲ, ಹೊಟ್ಟೆಯಿಲ್ಲ, ತೋಳು ಒಂದು ಮೀಟರು ಗಿಡ್ಡ ಎಂದು ಕಟುವಾಗಿ ಬರೆದನು. ಐದು ವರ್ಷದ ಸ್ನೇಹ ಆ ವರ್ಷವೇ ಮುರಿಯಿತು. ಆದರೆ ಅಚ್ಚರಿಯೆಂದರೆ, ವಿನ್ಸೆಂಟ್ ಜಗಳವಾಡುತ್ತಲೇ ಮರಳಿ ಮೂಲಪಾಠಕ್ಕೆ ಕುಳಿತನು. ಪ್ರಾಚೀನರು ಹೊರಗೆರೆಯಿಂದ ಆರಂಭಿಸದೆ ದುಂಡು, ಅಂಡಾಕಾರದ ಗಾತ್ರಗಳಿಂದ ಮೈಯನ್ನು ಕಟ್ಟುತ್ತಿದ್ದರೆಂದು ಜಿಗೂ ಎಂಬ ಚಿತ್ರಕಾರನ ಪುಸ್ತಕದಲ್ಲಿ ಓದಿದ್ದನು. ಆ ಬೇಸಗೆಯಲ್ಲಿ ಬರೆದ ಕೊಯ್ಲಿನವರ ದೊಡ್ಡ ದೊಡ್ಡ ಚಿತ್ರಗಳನ್ನು ಎಟನ್ ದಿನಗಳ ಅಗೆಯುವವರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕಾಗದದಿಂದ ಕತ್ತರಿಸಿದಂಥ ಬಿಗಿದ ಆಳು. ಇಲ್ಲಿ ಬಗ್ಗಿ ಹಕ್ಕಲು ಆಯುವ ಹೆಂಗಸಿನ ಸೊಂಟಕ್ಕೆ ತೂಕವಿದೆ, ಸುತ್ತಲೂ ಗಾಳಿಯಾಡುತ್ತದೆ.

ತನ್ನ ಆಕೃತಿಗಳು ಬರಿಯ ಸರಿಯಾಗಿರುವುದಾದರೆ ತನಗೆ ಹತಾಶೆಯಾದೀತೆಂದು ಅವನು ತಮ್ಮನಿಗೆ ಬರೆದದ್ದು ಇದೇ ಬೇಸಗೆಯಲ್ಲಿ. ಅಭ್ಯಾಸಕ್ಕೆ ಬೇಸತ್ತವರು ಈ ಮಾತನ್ನು ಎತ್ತಿ ಆಡುವುದುಂಟು. ಐದು ವರ್ಷ ಸರಿಯಾಗಿ ಬರೆಯಲು ಹೆಣಗಿದವನ ಮಾತೆಂಬುದನ್ನು ಅವರು ಮರೆಯುತ್ತಾರೆ.

1886ರ ಜನವರಿಯಲ್ಲಿ ಅವನು ಆಂಟ್‌ವರ್ಪ್ ಕಲಾಶಾಲೆಗೆ ಸೇರಿದನು. ಪರೀಕ್ಷಕರು ಅವನ ಕೆಲಸವನ್ನು ನೋಡಿ ಹೊಸಬರ ತರಗತಿಗೆ ಇಳಿಸಬೇಕೆಂದು ತೀರ್ಮಾನಿಸಿದರು. ಅಷ್ಟರಲ್ಲಿ ಅವನು ಪ್ಯಾರಿಸಿಗೆ ಹೊರಟುಹೋಗಿದ್ದನು. ಅಲ್ಲಿಂದ ಮುಂದಿನ ಕಥೆ, ಆ ಹಳದಿ ಮನೆ, ಆ ತಾರೆಗಳ ರಾತ್ರಿ, ಎಲ್ಲರಿಗೂ ತಿಳಿದದ್ದೇ.

ತಿಳಿಯದಿರುವುದು ಒಂದಿದೆ. 1890ರ ಜೂನ್ ತಿಂಗಳಲ್ಲಿ, ಸಾವಿಗೆ ಕೆಲವೇ ವಾರಗಳ ಮೊದಲು, ಓವೆರ್ ಎಂಬ ಹಳ್ಳಿಯಿಂದ ಅವನು ಥಿಯೋಗೆ ಒಂದು ಬೇಡಿಕೆ ಕಳುಹಿಸಿದನು. ಅಷ್ಟು ಹೊತ್ತಿಗೆ ಅವನು ನೂರಾರು ವರ್ಣಚಿತ್ರಗಳನ್ನು ಮುಗಿಸಿದ್ದನು. ಕೇಳಿದ್ದು ಬಾರ್ಗನ ಇದ್ದಲಿನ ಅಭ್ಯಾಸಗಳನ್ನು. ಆ 60 ಹಾಳೆಗಳನ್ನೂ ಮೊದಲಿನಿಂದ ಮತ್ತೊಮ್ಮೆ ಬರೆಯಬೇಕಾಗಿದೆ, ಇಲ್ಲವಾದರೆ ಆಕೃತಿಗಳ ಮೇಲಿನ ಹಿಡಿತ ತಪ್ಪುತ್ತದೆ ಎಂದು.