ಜೀಪಿಗೆ ಹೊಸ ಬ್ಯಾಟರಿ ತರುವ ಮುನ್ನ

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಮನೆಯ ಹಿರಿಯರೊಬ್ಬರಿಗೆ ಉಬ್ಬಸ ಏರಿತು. ಹೊರಗೆ ಬಿಡದ ಮಳೆ. ಜೀಪಿನ ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು, ಅಷ್ಟೆ. ನೆರೆತೋಟದವರು ತಮ್ಮ ವಾಹನ ತಂದುದರಿಂದ ಆಪತ್ತು ಕಳೆಯಿತು. ಮರುದಿನವೇ ಹೊಸ ಬ್ಯಾಟರಿ ತಂದು ಹಾಕಿದೆವು. ಮೂರು ವಾರದೊಳಗೆ ಪುನಃ ಅದೇ 'ಟಕ್'. ಆಮೇಲೆ ಕುಳಿತು ಒಂದೊಂದಾಗಿ ಅಳೆದಾಗ ತಿಳಿದದ್ದು, ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ ಎಂದು. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿತ್ತು. ತಪ್ಪು ನಮ್ಮದೇ, ನೋಡದೆ ಔಷಧಿ ಮಾಡಿದ್ದೆವು.

ಅಡಿಕೆಯ ಸೋಗೆ ಹಳದಿಯಾಯಿತೆಂದು ನಾವು ಕೂಡಲೇ ಮರ ಕಡಿಯುವುದಿಲ್ಲ. ನೀರು ಬಸಿಯುತ್ತಿದೆಯೇ, ಬೇರುಹುಳು ಇದೆಯೇ ಎಂದು ಬುಡದಿಂದ ನೋಡುತ್ತೇವೆ. ವಾಹನಕ್ಕೂ ಇದೇ ಕ್ರಮ ಸಲ್ಲುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮತ್ತು ಮಾರುತಿ 800, ಹಾಗೂ ಹಳೆಯ ಮಹೀಂದ್ರ ಜೀಪುಗಳು ಇಂದಿಗೂ ನಮ್ಮ ಸದಸ್ಯರ ಮನೆಗಳಲ್ಲಿವೆ. ಇವುಗಳ ವಯರಿಂಗ್ ಸರಳ. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ದೋಷವನ್ನು ಮನೆಯಂಗಳದಲ್ಲೇ ಪತ್ತೆ ಮಾಡಬಹುದು. ಕೆಳಗಿನ ಅಂಕಿಗಳೆಲ್ಲ 12 ವೋಲ್ಟಿನ ಬ್ಯಾಟರಿಗೆ ಸಂಬಂಧಿಸಿದವು.

1. ಮೊದಲು ದೀಪ ನೋಡಿ

ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ; ಇನ್ನೊಬ್ಬರು ಮುಂದೆ ನಿಂತು ದೀಪ ನೋಡಲಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಬರಿದಾಗಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಉಜ್ವಲವಾಗಿಯೇ ಇದ್ದು ಎಂಜಿನ್ ತಿರುಗದಿದ್ದರೆ, ವಿದ್ಯುತ್ ಸ್ಟಾರ್ಟರಿಗೆ ಮುಟ್ಟುತ್ತಿಲ್ಲ ಅಥವಾ ಸ್ಟಾರ್ಟರೇ ಕೆಟ್ಟಿದೆ. ಅಂದು ರಾತ್ರಿ ನಮ್ಮ ದೀಪ ಮಂಕಾಗಿರಲಿಲ್ಲ. ಅದನ್ನು ಗಮನಿಸಿದ್ದರೆ ಒಂದು ಬ್ಯಾಟರಿಯ ಹಣ ಉಳಿಯುತ್ತಿತ್ತು.

2. ಬ್ಯಾಟರಿಯ ಬಲ

ವಾಹನ ಒಂದು ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ; 12.4 ಇದ್ದರೆ ಸುಮಾರು ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಬರಿದಾದ ಬ್ಯಾಟರಿಯನ್ನು ಮೊದಲು ಪೂರ್ತಿ ಚಾರ್ಜ್ ಮಾಡಿಸಿ, ಆಮೇಲೆ ಪರೀಕ್ಷಿಸತಕ್ಕದ್ದು. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಸುಮಾರು 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಇಳಿದರೆ ಬ್ಯಾಟರಿ ಸೋತಿರಬೇಕು, ಇಲ್ಲವೇ ಸ್ಟಾರ್ಟರ್ ಹೆಚ್ಚು ವಿದ್ಯುತ್ ಎಳೆಯುತ್ತಿರಬೇಕು.

ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಸೆಲ್ಲುಗಳನ್ನೂ ನೋಡಿ. ಐದು ಸಮನಾಗಿದ್ದು ಒಂದರಲ್ಲಿ ಮಾತ್ರ 0.050ರಷ್ಟು ಕಡಿಮೆ ಬಂದರೆ ಆ ಸೆಲ್ ಕೆಟ್ಟಿದೆ. ಆಗ ಮಾತ್ರ ಹೊಸ ಬ್ಯಾಟರಿಯ ಯೋಚನೆ ನ್ಯಾಯ.

3. ಟರ್ಮಿನಲ್ ಮತ್ತು ಅರ್ತ್

ನಮ್ಮ ಮಲೆನಾಡಿನ ತೇವದಲ್ಲಿ ಅನೇಕ ದೋಷಗಳ ಮೂಲ ಇಲ್ಲಿದೆ. ಟರ್ಮಿನಲ್ ಮೇಲೆ ಕಾಣುವ ನೀಲಿ ಪುಡಿ ನಮಗೆ ಅಪರಿಚಿತವಲ್ಲ. ತಾಮ್ರಕ್ಕೆ ಆಮ್ಲ ತಗಲಿ ಹುಟ್ಟಿದ ಮೈಲುತುತ್ತವೇ ಅದು. ಬೋರ್ಡೋ ದ್ರಾವಣದಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಅಡಿಗೆ ಸೋಡ ಮಾಡುತ್ತದೆ. ಸೋಡ ಕಲಸಿದ ನೀರಿನಿಂದ ಉಜ್ಜಿ ತೊಳೆದು, ಒರಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಸೋಡ ನೀರು ಸೆಲ್ಲಿನೊಳಗೆ ಹೋಗಕೂಡದು.

ಕಣ್ಣಿಗೆ ಚೊಕ್ಕಟ ಕಂಡ ಮಾತ್ರಕ್ಕೆ ಸಾಲದು. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪೇರ್ ಎಳೆಯುವುದರಿಂದ ಅಲ್ಪ ಅಡಚಣೆಯೂ ದೊಡ್ಡ ನಷ್ಟ ಮಾಡುತ್ತದೆ. ಗೇರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಹೊತ್ತದಂತೆ ನೋಡಿಕೊಳ್ಳಿ. ಡೀಸೆಲ್ ಜೀಪಿನಲ್ಲಿ ಸ್ಟಾಪ್ ಕೇಬಲ್ ಎಳೆದು ಹಿಡಿದರೆ ಸಾಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಬೊಡ್ಡೆಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಸೆಲ್ಫ್ ಹೊಡೆಯಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಕೆಟ್ಟಿದೆ. ನಮ್ಮ ಜೀಪಿನಲ್ಲಿ 3 ವೋಲ್ಟ್ ತೋರಿತು! ಪಾಸಿಟಿವ್ ಬೊಡ್ಡೆಯಿಂದ ಸ್ಟಾರ್ಟರಿನ ದಪ್ಪ ವಯರಿನ ಬೋಲ್ಟಿಗೂ ಹೀಗೆಯೇ ಅಳೆಯಬೇಕು.

ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೆ ಪ್ರತ್ಯೇಕ ಅರ್ತ್ ಪಟ್ಟಿ ಬೇಕೇ ಬೇಕು. ಅದು ಕೆಟ್ಟರೆ ವಿದ್ಯುತ್ ಆಕ್ಸಿಲರೇಟರ್ ಕೇಬಲಿನಂಥ ಅಡ್ಡದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಕೇಬಲ್ ಬಿಸಿಯಾಗಿದ್ದರೆ ಅನುಮಾನವೇ ಬೇಡ. ಪಟ್ಟಿ ಬಿಚ್ಚಿ, ಎರಡೂ ತುದಿಯ ತುಕ್ಕು, ಬಣ್ಣ ಕೆರೆದು ಬಿಗಿಮಾಡಿ.

4. ಚಾರ್ಜ್ ಆಗುತ್ತಿದೆಯೇ?

ಎಂಜಿನ್ ಸ್ವಲ್ಪ ವೇಗವಾಗಿ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹಳೆಯ ಡೈನಮೋ ನಿಧಾನದ ಓಟದಲ್ಲಿ ಚಾರ್ಜ್ ಮಾಡುವುದಿಲ್ಲ, ಅದು ದೋಷವಲ್ಲ. ವೇಗ ಏರಿದರೂ ವೋಲ್ಟ್ ಏರದಿದ್ದರೆ ಮೊದಲು ಫ್ಯಾನ್ ಬೆಲ್ಟ್, ಆಮೇಲೆ ಡೈನಮೋ ಅಥವಾ ಆಲ್ಟರ್ನೇಟರ್ ನೋಡಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಗೆ ಪದೇ ಪದೇ ನೀರು ಬೇಕಾಗುವುದು ಇದರ ಲಕ್ಷಣ.

5. ನಿಂತಲ್ಲೇ ಸೋರುವುದು

ಎಲ್ಲ ಸರಿಯಿದ್ದೂ ನಾಲ್ಕು ದಿನ ನಿಂತರೆ ಬ್ಯಾಟರಿ ಇಳಿಯುವುದಾದರೆ ಎಲ್ಲೋ ಸೋರಿಕೆಯಿದೆ. 5 ವಾಟಿನ ಸಣ್ಣ ದೀಪವೊಂದು ಆರದೆ ಉಳಿದರೆ ದಿನಕ್ಕೆ 10 ಆಂಪೇರ್-ಗಂಟೆ ತಿನ್ನುತ್ತದೆ. 35 ಆಂಪೇರ್-ಗಂಟೆಯ ಬ್ಯಾಟರಿ ಮೂರೂವರೆ ದಿನಕ್ಕೆ ಮುಗಿಯಿತು. ಇಲಿ ಕಡಿದ ವಯರ್, ಆಲ್ಟರ್ನೇಟರಿನ ಕೆಟ್ಟ ಡಯೋಡ್ ಸಹ ಕಾರಣವಾಗಬಹುದು.

ಕೀಲಿ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ವಯರ್ ಬಿಚ್ಚಿ, ಬೊಡ್ಡೆಗೂ ವಯರಿಗೂ ನಡುವೆ ಮೀಟರನ್ನು 10 ಆಂಪೇರಿನ ಸ್ಥಾನದಲ್ಲಿ ಜೋಡಿಸಿ. 50 ಮಿಲಿ ಆಂಪೇರ್, ಎಂದರೆ 0.05 ಆಂಪೇರಿಗಿಂತ ಹೆಚ್ಚು ತೋರಿದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ದೋಷ ಆ ದಾರಿಯಲ್ಲಿದೆ. ಯಾವುದಕ್ಕೂ ಇಳಿಯದಿದ್ದರೆ ಫ್ಯೂಸ್ ಇಲ್ಲದ ಆಲ್ಟರ್ನೇಟರ್ ವಯರನ್ನು ಶಂಕಿಸಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಲೇಕೂಡದು, ಮೀಟರ್ ಸುಟ್ಟುಹೋಗುತ್ತದೆ.

ಎಚ್ಚರಿಕೆ

ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಕಿಡಿ ತಗಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ದೀಪ ಬೇಡ. ಅರ್ತ್ ವಯರನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ. ಡಿಸ್ಟಿಲ್ಡ್ ನೀರು ಮಾತ್ರ ಹಾಕಿ. ಬಾವಿ ನೀರಾಗಲಿ ಆಸಿಡ್ ಆಗಲಿ ಸಲ್ಲದು. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯುತ್ತ ವೈದ್ಯರಲ್ಲಿಗೆ ಹೋಗಿ.

ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯುವ ವಾರದಲ್ಲೇ ಈ ಪರೀಕ್ಷೆಗಳನ್ನೂ ಮುಗಿಸಿ, ಅಂಕಿಗಳನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಜೀಪು ಓಡಿಸಿ. ಸೊಸೈಟಿಗೆ ಬಂದು ಹೋಗುವ ಒಂದೆರಡು ಕಿಲೋಮೀಟರಿನಲ್ಲಿ ಬ್ಯಾಟರಿ ತುಂಬುವುದಿಲ್ಲ. ಮಳೆಯ ರಾತ್ರಿ ಕೀಲಿ ತಿರುಗಿಸುವ ಹೊತ್ತಿಗೆ ಪರೀಕ್ಷಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.