ಅರವಟ್ಟಿಗೆಯೂ ಅಕ್ಷಯನೀವಿಯೂ: ಖುಲ್ತಾಬಾದಿನ ಚೈತ್ರಯಾತ್ರೆಯನ್ನು ಕುರಿತ ಒಂದು ವಿಚಾರ

ಮರಾಠವಾಡದಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ಕನ್ನಡಿಗರಿಗೆ ಖುಲ್ತಾಬಾದೆಂಬ ಊರು ಅಪರಿಚಿತವಲ್ಲ. ತೌರುನಾಡಿನಿಂದ ನೆಂಟರಿಷ್ಟರು ಬಂದಾಗ ನಾವು ಅವರನ್ನು ಮೊದಲು ಕರೆದೊಯ್ಯುವುದು ವೇರೂಳದ ಕೈಲಾಸಕ್ಕೆ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಆ ಏಕಶಿಲಾ ದೇವಾಲಯವನ್ನು ತೋರಿಸಿ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳಿದ ಕವಿರಾಜಮಾರ್ಗವನ್ನು ನೆನೆದು, ಹೆಮ್ಮೆಯಿಂದ ಹಿಂದಿರುಗುತ್ತೇವೆ. ದಾರಿಯಲ್ಲಿ ಗುಡ್ಡದ ಮೇಲೆ ಸಿಕ್ಕುವ ಖುಲ್ತಾಬಾದು ನಮ್ಮಲ್ಲಿ ಬಹುಮಂದಿಗೆ ಬಸ್ಸು ಹಾದುಹೋಗುವ ಒಂದು ಊರು ಮಾತ್ರ. ಆದರೆ ಬೇಸಗೆಯ ಒಂದು ರಾತ್ರಿ ಆ ಊರು ನಮಗೆ ಕಲಿಸಬಹುದಾದ ಪಾಠವೊಂದಿದೆ. ಉತ್ಸವಕ್ಕೂ ಊರಿನ ನೀರಿನ ವ್ಯವಸ್ಥೆಗೂ ಇರುವ ಸಂಬಂಧವೇನು, ಆ ಸಂಬಂಧವನ್ನು ಹಿಂದಿನವರು ಹೇಗೆ ಭದ್ರಪಡಿಸಿದ್ದರು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಯಾತ್ರೆ

ಖುಲ್ತಾಬಾದಿಗೆ ಹಿಂದೆ ರೌಜಾ ಎಂಬ ಹೆಸರಿದ್ದಿತು. ಹದಿನಾಲ್ಕನೆಯ ಶತಮಾನದ ಸೂಫಿ ಸಂತರ ಸಮಾಧಿಗಳು ಇಲ್ಲಿವೆ. 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, 1707ರಲ್ಲಿ ತೀರಿಕೊಂಡ ಔರಂಗಜೇಬ್, 1748ರಲ್ಲಿ ತೀರಿಕೊಂಡ ಮೊದಲನೆಯ ನಿಜಾಮ, ಈ ಮೂವರೂ ಇಲ್ಲಿಯೇ ಮಣ್ಣಾದರು. ಇದೇ ಊರಿನಲ್ಲಿ ಭದ್ರಮಾರುತಿಯ ಗುಡಿಯೂ ಇದೆ. ಇಲ್ಲಿಯ ಹನುಮಂತನು ನಿಂತವನಲ್ಲ, ಮಲಗಿದವನು. ಇಂಥ ಮೂರ್ತಿಗಳು ನಮ್ಮ ದೇಶದಲ್ಲಿ ವಿರಳ. ಚೈತ್ರ ಶುದ್ಧ ಪೂರ್ಣಿಮೆ ಹನುಮಜ್ಜಯಂತಿ. ಅದರ ಹಿಂದಿನ ಸಂಜೆ ಔರಂಗಾಬಾದಿನಿಂದ (2023ರಿಂದ ಅದರ ಅಧಿಕೃತ ಹೆಸರು ಛತ್ರಪತಿ ಸಂಭಾಜಿನಗರ) ಜನರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ದೂರ ಸುಮಾರು 25 ಕಿಲೋಮೀಟರು. ಸೇವುಣರ ರಾಜಧಾನಿಯಾಗಿದ್ದ ದೇವಗಿರಿಯ ಕೋಟೆಯನ್ನು ದಾಟಿ, ಘಾಟಿಯನ್ನೇರಿ, ಬೆಳಗಿನ ಜಾವಕ್ಕೆ ದೇವರ ದರ್ಶನ. ಹಗಲಿನ ಬಿಸಿಲಿನಲ್ಲಿ ಈ ದಾರಿಯನ್ನು ನಡೆಯುವುದು ದುಸ್ಸಾಧ್ಯವಾದುದರಿಂದಲೇ ರಾತ್ರಿಯ ನಡಿಗೆ ರೂಢಿಗೆ ಬಂದಿರಬೇಕು.

ಈ ಊರಿನ ಉರುಸುಗಳಿಗೂ ಈ ಯಾತ್ರೆಗೂ ಒಂದು ವ್ಯತ್ಯಾಸವುಂಟು. ಹಿಜರಿ ಪಂಚಾಂಗವು ಶುದ್ಧ ಚಾಂದ್ರಮಾನವಾದ್ದರಿಂದ ಉರುಸು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸವು ಆಗಾಗ ಬಂದು ಲೆಕ್ಕವನ್ನು ಸರಿಪಡಿಸುವುದರಿಂದ ಚೈತ್ರಪೂರ್ಣಿಮೆ ಬೇಸಗೆಯನ್ನು ಬಿಟ್ಟು ಹೋಗುವುದಿಲ್ಲ. ಆದ್ದರಿಂದ ಈ ಯಾತ್ರೆಗೆ ನೀರು ಅಲಂಕಾರವಲ್ಲ, ಆಧಾರ. ದಾರಿಯುದ್ದಕ್ಕೂ ಗಣೇಶಮಂಡಳಿಗಳವರು, ಅಂಗಡಿಕಾರರು, ಓಣಿಯ ಹುಡುಗರು ಮೇಜುಗಳನ್ನಿಟ್ಟು ನೀರು, ಮಜ್ಜಿಗೆ, ಚಹ, ಫಲಾಹಾರ ಹಂಚುತ್ತಾರೆ. ಯಾರು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಬ್ಯಾಂಕಿನ ಇಬ್ಬರು ಸಹೋದ್ಯೋಗಿಗಳೊಡನೆ ಹೀಗೆ ನಡೆದೆ. ರಾತ್ರಿ ಹತ್ತು ಕಡೆ ಕರೆದು ಕರೆದು ನೀರು ಕೊಟ್ಟರು. ದರ್ಶನ ಮುಗಿಸಿ, ಬಸ್ಸಿನ ಜಂಗುಳಿಗೆ ಅಂಜಿ, ಘಾಟಿಯನ್ನು ನಡೆದೇ ಇಳಿಯುವಾಗ ಬೆಳಗಿನ ಹತ್ತು ಗಂಟೆ. ಮೇಜುಗಳನ್ನು ಮಡಿಸಿ ಟೆಂಪೋಗೆ ಹೇರುತ್ತಿದ್ದರು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕ ಅಲ್ಲಿ ನಿಂತು ನೀರು ಕೇಳಿದನು. "ಸಂಪಲಂ, ಬಾಬಾ" ಎಂದು ಹುಡುಗನೊಬ್ಬ ಮೆಲ್ಲನೆ ಹೇಳಿದನು. ಮುಗಿಯಿತು, ಅಜ್ಜಾ, ಎಂದು ಅರ್ಥ. ಅವನ ಮಾತಿನಲ್ಲಿ ಒರಟುತನವಿರಲಿಲ್ಲ, ಸಂಕೋಚವಿತ್ತು. ನಮ್ಮ ಶೀಶೆಯಲ್ಲಿದ್ದ ನೀರನ್ನು ಮುದುಕನಿಗೆ ಕೊಟ್ಟೆವು. ಆದರೆ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೀರು ಮುಗಿಯುವುದೇಕೆ?

ಶಬ್ದದ ಸಾಕ್ಷ್ಯ

ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಚಪ್ಪರಕ್ಕೆ ಕನ್ನಡದಲ್ಲಿ ಅರವಟ್ಟಿಗೆಯೆಂದು ಹೆಸರು. ಶಾಸನಗಳಲ್ಲಿ ಇದು ಅರವಂಟಿಗೆಯೆಂದೂ ಬರುತ್ತದೆ. ಇದರ ಮೊದಲ ಭಾಗವು ಧರ್ಮವೆಂಬರ್ಥದ ಹಳಗನ್ನಡದ 'ಅಱ' ಶಬ್ದ. ತಮಿಳಿನ 'ಅಱಂ' ಇದರ ಸೋದರಶಬ್ದ. ನೀರು ಎಂಬ ಮಾತೇ ಇಲ್ಲದೆ ಧರ್ಮವೆಂಬ ಮಾತಿನಿಂದಲೇ ಈ ಚಪ್ಪರವನ್ನು ಕರೆದಿರುವುದು ಗಮನಾರ್ಹ. ಸಂಸ್ಕೃತದಲ್ಲಿ ಇದು ಪ್ರಪಾ. ಮರಾಠಿಯ 'ಪಾಣಪೋಯಿ'ಯ ಉತ್ತರಾರ್ಧದಲ್ಲಿ ಈ ಪ್ರಪಾ ಶಬ್ದವೇ ಸವೆದು ಉಳಿದಿದೆ. ಮುಸಲ್ಮಾನರ ಬೀದಿಗಳಲ್ಲಿ ಇದನ್ನೇ ಸಬೀಲು ಎನ್ನುತ್ತಾರೆ. ಔರಂಗಾಬಾದಿನ ಒಂದೇ ರಸ್ತೆಯಲ್ಲಿ ಈ ಎರಡು ಹೆಸರುಗಳೂ ಕಿವಿಗೆ ಬೀಳುತ್ತವೆ.

ಪ್ರತಿಷ್ಠಾನದ, ಎಂದರೆ ಈಗಿನ ಪೈಠಣದ, ಹಾಲನ ಹೆಸರಿನಲ್ಲಿ ಬಂದಿರುವ ಗಾಥಾಸಪ್ತಶತಿಯನ್ನು ಓದಿದವರಿಗೆ ಪ್ರಪೆಯಲ್ಲಿ ನೀರೆರೆಯುವ ಹೆಣ್ಣಿನ ಗಾಥೆ ನೆನಪಿರಬಹುದು. ದಾರಿಹೋಕನು ಬೆರಳುಗಳನ್ನು ಸಡಿಲಿಸಿ ನೀರನ್ನು ಸೋರಿಬಿಡುತ್ತಾನೆ. ಅವಳು ಧಾರೆಯನ್ನು ಇನ್ನಷ್ಟು ಸಣ್ಣದು ಮಾಡುತ್ತಾಳೆ. ಅದು ಶೃಂಗಾರದ ಗಾಥೆ, ನಿಜ. ಆದರೆ ಅಂಥ ಗಾಥೆ ಹುಟ್ಟಬೇಕಾದರೆ ಪ್ರಪೆಯು ಆ ನಾಡಿನ ದಿನಬಳಕೆಯ ವಸ್ತುವಾಗಿದ್ದಿರಬೇಕು.

ಬೇಸಗೆಯ ನಮ್ಮ ಹಬ್ಬಗಳನ್ನೇ ನೋಡಿರಿ. ಕರ್ನಾಟಕದಲ್ಲಿ ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿ. 1939ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವವೂ ಈ ಪಾನಕದ ಋತುವಿನದೇ. ಮಹಾರಾಷ್ಟ್ರದಲ್ಲಿ ಚೈತ್ರಗೌರಿಯ ಅರಿಸಿನಕುಂಕುಮಕ್ಕೆ ಹೋದ ನಮ್ಮ ಗೃಹಿಣಿಯರಿಗೆ ಮಾವಿನಕಾಯಿಯ 'ಪನ್ಹೆ' ಮತ್ತು ಕಡಲೆಬೇಳೆಯ ಕೋಸಂಬರಿ ಸಿಕ್ಕುತ್ತವೆ. ಅಕ್ಷಯತೃತೀಯೆಯಂದು ನೀರು ತುಂಬಿದ ಕೊಡದ ದಾನ. ಹೀಗೆ ಎರಡು ನಾಡುಗಳ ಪಂಚಾಂಗವೂ ಬಿಸಿಲಿನ ತಿಂಗಳುಗಳಲ್ಲಿ ಮನೆಯ ನೀರನ್ನು ಹೊಸಿಲಿನಿಂದ ಹೊರಕ್ಕೆ ತರುತ್ತದೆ.

ಅರಸನ ನೀರು

ಆದರೆ ಹಬ್ಬದ ಪಾನಕದಿಂದ ಊರಿನ ಬಾಯಾರಿಕೆ ತೀರದು. ಅದಕ್ಕೆ ಆಳುವವರ ಕೆಲಸ ಬೇಕು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಅಹಮದನಗರದ ನಿಜಾಮಶಾಹಿಯ ಸೂತ್ರಧಾರನಾದ ಮಲಿಕ್ ಅಂಬರನು 1610ರಲ್ಲಿ ಖಡ್ಕಿ ಎಂಬ ಹಳ್ಳಿಯಲ್ಲಿ ಪಟ್ಟಣ ಕಟ್ಟಿದನು. ಇದೇ ಮುಂದೆ ಔರಂಗಾಬಾದಾಯಿತು. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಈ ಊರಿಗೆ ಅವನು ನೆಲದೊಳಗಿನ ನಹರಿನಿಂದ ನೀರು ತಂದನು. ಅದಕ್ಕೆ ನಹರ್-ಎ-ಅಂಬರಿ ಎಂದು ಹೆಸರು. ಗುಡ್ಡದ ಬುಡದಲ್ಲಿ ಬಸಿಯುವ ಅಂತರ್ಜಲವನ್ನು ಸುರಂಗದಲ್ಲಿ ಕೂಡಿಸಿ, ಸಣ್ಣ ಇಳಿಜಾರಿನಲ್ಲಿ ಊರಿಗೆ ಹರಿಸುವುದು ಇದರ ತತ್ವ. ನಡುನಡುವೆ ಗಾಳಿಯಾಡುವುದಕ್ಕೂ ಹೂಳೆತ್ತಲು ಇಳಿಯುವುದಕ್ಕೂ ಬಾವಿಯಂಥ ಕಂಡಿಗಳು. ಎತ್ತು, ಏತ, ಯಂತ್ರ ಯಾವುದೂ ಬೇಡ. ನೀರು ತನ್ನ ಭಾರದಿಂದಲೇ ಬರುತ್ತದೆ, ನೆಲದೊಳಗಿರುವುದರಿಂದ ಬಿಸಿಲಿಗೆ ಆರಿಹೋಗುವುದಿಲ್ಲ. ಅನಂತರದ ಕಾಲದ ಪನಚಕ್ಕಿಯೂ ಹೀಗೆಯೇ ದೂರದ ಬುಗ್ಗೆಯ ನೀರನ್ನು ಕೊಳವೆಯಲ್ಲಿ ತಂದು, ಅದರ ಬೀಳಿನಿಂದ ಬೀಸುವ ಕಲ್ಲನ್ನು ತಿರುಗಿಸಿ, ದರ್ಗೆಗೆ ಬಂದವರ ಅನ್ನಕ್ಕೆ ಹಿಟ್ಟು ಒದಗಿಸುತ್ತಿದ್ದಿತು.

ನಮಗೆ ಇದು ಹೊಸದಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಕರೇಜು ಇದೇ ವಿದ್ಯೆಯದು. ಬಿಜಾಪುರದಲ್ಲಿ ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೀರು ಬಂದು, 'ಗಂಜು'ಗಳೆಂಬ ಗೋಪುರಗಳ ಮೂಲಕ ಪೇಟೆಗೆ ಹಂಚಿಕೆಯಾಗುತ್ತಿದ್ದಿತು. 1956ರವರೆಗೆ ಬೀದರು, ಗುಲ್ಬರ್ಗ, ರಾಯಚೂರುಗಳು ಔರಂಗಾಬಾದಿನೊಡನೆ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. ಅಲ್ಲಿಂದ ಬಂದ ಕನ್ನಡಿಗರಿಗೆ ಈ ನೀರಿನ ಚರಿತ್ರೆ ಪರಕೀಯವಲ್ಲ.

ಇಂದು ನಗರದ ನೀರು ಬರುವುದು ಪೈಠಣದ ಜಾಯಕವಾಡಿ ಅಣೆಕಟ್ಟಿನಿಂದ. 1965ರಲ್ಲಿ ಅಸ್ತಿಭಾರ ಬಿದ್ದ ಈ ಕಟ್ಟೆ 1976ರಲ್ಲಿ ಉದ್ಘಾಟನೆಯಾಯಿತು. ಹಾಲನ ಗಾಥೆಯ ಊರಿನಿಂದಲೇ ಇಂದಿಗೂ ನೀರು ಬರುತ್ತಿದೆ, ಆದರೆ ವಿದ್ಯುತ್ತಿನ ಬಲದಿಂದ, ಎತ್ತರಕ್ಕೆ ಏರಿಸಿ. ಮೇಲ್ಗಡೆ ನಾಸಿಕ ಜಿಲ್ಲೆಯ ಕಟ್ಟೆಗಳಿಂದ ಎಷ್ಟು ನೀರು ಬಿಡಬೇಕೆಂಬ ವಿವಾದ ಬರಗಾಲ ಬಂದಾಗಲೆಲ್ಲ ತಲೆಯೆತ್ತುತ್ತದೆ. ಈಚಿನ ಅನೇಕ ಬೇಸಗೆಗಳಲ್ಲಿ ನಗರದ ಹಲವು ಬಡಾವಣೆಗಳ ನಲ್ಲಿಗಳಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬಂದಿದೆ. 2016ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ನಲ್ಲಿಯೇ ಒಣಗಿರುವಾಗ ದಾರಿಹೋಕನ ಗಡಿಗೆಯನ್ನು ತುಂಬುವವರು ಯಾರು?

ನಾಸಿಕದ ಶಾಸನ

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ನಾಸಿಕದ ಪಾಂಡವಲೇಣಿಗೆ ಬಂದೆ. ಅಲ್ಲಿಯ ಹತ್ತನೆಯ ಗುಹೆಯಲ್ಲಿ ಕ್ಷಹರಾತ ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನ ಶಾಸನಗಳಿವೆ. ಕಾಲ ಕ್ರಿಸ್ತಶಕ 2ನೆಯ ಶತಮಾನದ ಪೂರ್ವಭಾಗ. ಅವನು ಬಾವಿ, ಕೆರೆ, ತೋಟಗಳನ್ನು ಮಾಡಿಸಿದನು. ತಾಪಿ, ದಮಣ ಮೊದಲಾದ ಹೊಳೆಗಳಲ್ಲಿ ಸುಂಕವಿಲ್ಲದ ದೋಣಿಗಳನ್ನಿಟ್ಟನು. ಆ ಹೊಳೆಗಳ ಎರಡು ದಡಗಳಲ್ಲಿಯೂ ಸಭೆಗಳನ್ನೂ ಪ್ರಪೆಗಳನ್ನೂ ಕಟ್ಟಿಸಿದನು. ಎಂದರೆ, ಗೋದಾವರಿಯ ಮೂಲದ ಈ ನಾಡಿನಲ್ಲಿ ಅರವಟ್ಟಿಗೆಗೆ ಸುಮಾರು 1900 ವರ್ಷಗಳ ಕಲ್ಲಿನ ಸಾಕ್ಷ್ಯವಿದೆ.

ಬ್ಯಾಂಕಿನ ನೌಕರನಾದ ನನ್ನನ್ನು ಹೆಚ್ಚಾಗಿ ಸೆಳೆದುದು ಅದೇ ಗುಹೆಯ ಇನ್ನೊಂದು ಶಾಸನ. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳಿಗಾಗಿ ಉಷವದಾತನು 3000 ಕಾರ್ಷಾಪಣಗಳ 'ಅಕ್ಷಯನೀವಿ'ಯನ್ನು ಕೊಟ್ಟನು. ಹಣವನ್ನು ಅವರ ಕೈಗೆ ಕೊಡಲಿಲ್ಲ. ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಠೇವಣಿಯಿಟ್ಟನು. ಒಂದು ಶ್ರೇಣಿಯಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ 1000, ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆ. ಲೆಕ್ಕ ಹಾಕಿದರೆ ಮೊದಲನೆಯದರ ವಾರ್ಷಿಕ ಬಡ್ಡಿ 240. ಇಪ್ಪತ್ತು ಭಿಕ್ಷುಗಳಿಗೆ ತಲೆಗೆ ಹನ್ನೆರಡರಂತೆ ಚೀವರದ ಹಣವೆಂದು ಶಾಸನ ಹೇಳುತ್ತದೆ: ಅದೂ 240! ಒಂದು ಕಾಸೂ ಹೆಚ್ಚಲ್ಲ, ಕಡಮೆಯಲ್ಲ. ಮೂಲಧನವನ್ನು ಮರಳಿ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಉಣ್ಣತಕ್ಕದ್ದು ಎಂಬ ಷರತ್ತೂ ಇದೆ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿ ಹೇಳಿ, ದಾಖಲೆ ಮಾಡಿಸಲಾಯಿತು.

ಇದರ ಮರ್ಮವೇನು? ದಾನಿಯ ಉತ್ಸಾಹ ಅಳಿಯಬಹುದು, ದಾನಿಯೇ ಅಳಿಯಬಹುದು, ನೀವಿ ಅಳಿಯಬಾರದು. ಹಣ ಇಟ್ಟುಕೊಳ್ಳುವವನು, ಅದನ್ನು ಉಣ್ಣುವವನು, ಲೆಕ್ಕ ನೋಡುವ ಸಭೆ, ಈ ಮೂರನ್ನೂ ಬೇರೆಬೇರೆ ಇಟ್ಟಿರುವುದರಲ್ಲಿ ವ್ಯವಹಾರಜ್ಞಾನವಿದೆ. ನಮ್ಮ ಕನ್ನಡ ಶಾಸನಗಳಲ್ಲಿಯೂ ಗದ್ಯಾಣಗಳನ್ನು ಮಹಾಜನರಲ್ಲಿ ಇಟ್ಟು, ಅವುಗಳ ಬಡ್ಡಿಯಿಂದ ಧರ್ಮವನ್ನು ನಡೆಸುವ ಏರ್ಪಾಡು ಹೇರಳವಾಗಿ ಕಾಣಸಿಗುತ್ತದೆ. ಧರ್ಮವು ಒಬ್ಬನ ಜೇಬಿನಿಂದ ಊರಿನ ಲೆಕ್ಕದ ಪುಸ್ತಕಕ್ಕೆ ಏರಿದಾಗಲೇ ಅದು ವ್ಯವಸ್ಥೆಯಾಗುತ್ತದೆ.

ನಮ್ಮ ಕರ್ತವ್ಯ

ಈಗ ಘಾಟಿಯ ಮುದುಕನ ಬಳಿಗೆ ಮರಳೋಣ. ಅವನಿಗೆ ನೀರು ದೊರೆಯದಿದ್ದುದು ಆ ಹುಡುಗರ ದೋಷದಿಂದಲ್ಲ. ಅವರು ಒಂದು ರಾತ್ರಿಗೆ ಚಂದಾ ಎತ್ತಿದ್ದರು, ಒಂದು ರಾತ್ರಿ ನಡೆಸಿದರು. ಬೇಸಗೆಯ ಉಳಿದ ಅರವತ್ತು ದಿನಗಳಿಗೆ ನೀವಿ ಇರಲಿಲ್ಲ. ನಹರು ಮತ್ತು ಅಣೆಕಟ್ಟು ಸರಕಾರದ, ನಗರಸಭೆಯ ಹೊಣೆ. ಅರವಟ್ಟಿಗೆಯನ್ನು ತೋರಿಸಿ ಅವರು ಆ ಹೊಣೆಯಿಂದ ಜಾರಿಕೊಳ್ಳಲಾಗದು. ಉತ್ಸವದ ಮಜ್ಜಿಗೆ ಜನರ ಉತ್ಸಾಹದ ಫಲ. ಅದು ತಾನಾಗಿ ನಡೆಯುತ್ತದೆ. ಇವೆರಡರ ನಡುವಿನ ತೆರಪನ್ನು ತುಂಬಬೇಕಾದವು ನಮ್ಮಂಥ ಸಂಘಗಳು.

ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಹೊರನಾಡಿನ ಒಂದು ಕನ್ನಡ ಸಂಘದಲ್ಲಿ ನೂರು ಮಂದಿ ತಲೆಗೆ 2,000 ರೂಪಾಯಿಯಂತೆ ಕೊಟ್ಟರೆ ಎರಡು ಲಕ್ಷ. ವರ್ಷಕ್ಕೆ ನೂರಕ್ಕೆ ಆರರ ಬಡ್ಡಿ ಎಂದಿಟ್ಟುಕೊಂಡರೆ 12,000. ಉಷವದಾತನಂತೆ ಬಡ್ಡಿಯನ್ನೆಲ್ಲ ವೆಚ್ಚಮಾಡುವುದು ಇಂದು ತಪ್ಪಾದೀತು. ಬೆಲೆಗಳು ಏರುತ್ತಿರುವ ಕಾಲದಲ್ಲಿ ಮುಟ್ಟದೆ ಇಟ್ಟ ಮೂಲಧನವೂ ಒಳಗೊಳಗೇ ಸವೆಯುತ್ತದೆ. ಆದ್ದರಿಂದ ಬಡ್ಡಿಯ ಮೂರರಲ್ಲೊಂದು ಭಾಗ, 4,000, ಮೂಲಧನಕ್ಕೆ ಸೇರಬೇಕು. ಉಳಿದ 8,000ದಲ್ಲಿ ಗಡಿಗೆ, ಮರಳು, ಚಪ್ಪರ, ಶುದ್ಧವಾದ ನೀರು ಇವು ಒದಗಿಯಾವು. ಎರಡು ತಿಂಗಳ ಆಳಿನ ಕೂಲಿ ಹುಟ್ಟದು. ಆ ಕೆಲಸವನ್ನು ಸದಸ್ಯರೇ ಸರದಿಯ ಮೇಲೆ ಮಾಡಬೇಕು. ಇದು ಕೊರತೆಯೆಂದು ನನಗೆ ತೋರುವುದಿಲ್ಲ. ಹಣವೆಲ್ಲ ಒದಗಿ ಕೈ ಒದಗದ ಧರ್ಮಕ್ಕಿಂತ ಇದು ಮೇಲು.

ನಾವು ಇಲ್ಲಿ ರಾಜ್ಯೋತ್ಸವವನ್ನು ಆಚರಿಸುತ್ತೇವೆ, ನಾಟಕವಾಡುತ್ತೇವೆ, ಕೈಲಾಸದ ಕಂಬಗಳ ನಡುವೆ ನಿಂತು ರಾಷ್ಟ್ರಕೂಟರನ್ನು ಸ್ಮರಿಸುತ್ತೇವೆ. ಇವೆಲ್ಲ ಬೇಕಾದುವೇ. ಆದರೆ ಇವುಗಳಲ್ಲಿ ಬಹುಪಾಲು ನಮ್ಮೊಳಗೆ ನಾವೇ ಆಡಿಕೊಂಡ ಮಾತು. ನೆರೆಯವನಿಗೆ ನಮ್ಮ ಭಾಷೆ ತಿಳಿಯುವುದು ಅವನಿಗೆ ಅದರಿಂದ ಉಪಕಾರವಾದಾಗ. ಖುಲ್ತಾಬಾದಿನ ದಾರಿಯಲ್ಲಿ ಚೈತ್ರದಿಂದ ಮಿರುಗದ ಮಳೆಯವರೆಗೆ ನಿಲ್ಲುವ ಒಂದು ಚಪ್ಪರಕ್ಕೆ 'ಪಾಣಪೋಯಿ' ಎಂದು ಮರಾಠಿಯಲ್ಲಿಯೂ 'ಅರವಟ್ಟಿಗೆ' ಎಂದು ಕನ್ನಡದಲ್ಲಿಯೂ ಬರೆದು ಹಚ್ಚಿದರೆ, ಆ ಶಬ್ದದ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿ ಬಾರದು. ಬರುವ ಅಕ್ಷಯತೃತೀಯೆಯೊಳಗೆ ಸಂಘವು ಈ ವಿಷಯವನ್ನು ಸಭೆಯ ಮುಂದಿಟ್ಟು, ಓದಿ ಹೇಳಿ, ದಾಖಲೆ ಮಾಡಿಕೊಳ್ಳಲಿ ಎಂಬುದು ನನ್ನ ವಿನಂತಿ.