ಸಾಫ್ಟ್‌ವೇರ್ ಮಾದರಿಗಳಲ್ಲಿ ಸಾಮಾನ್ಯ ಭಂಡಾರಗಳ ಉಲ್ಲೇಖವೂ ಪ್ರಾಪ್ತಿಯೂ

೧. ವಿಷಯ

ಒಂದು ಗ್ರಂಥವು ಇನ್ನೊಂದು ಗ್ರಂಥದ ಮಾತನ್ನು ಆಧರಿಸಿ ನಿಲ್ಲಬೇಕಾದಾಗ ಎರಡು ಮಾರ್ಗಗಳುಂಟು: ಆ ಮಾತನ್ನು ಪೂರ್ತಿಯಾಗಿ ತನ್ನಲ್ಲಿಯೇ ಬರೆದುಕೊಳ್ಳುವುದು, ಇಲ್ಲವೆ ಅದು ಇರುವ ಎಡೆಯನ್ನು ಮಾತ್ರ ಸೂಚಿಸುವುದು. ಮೊದಲನೆಯ ಮಾರ್ಗದಲ್ಲಿ ಗ್ರಂಥವು ಸ್ವಯಂಪೂರ್ಣವಾಗುವುದಾದರೂ ಮೂಲವು ಪರಿಷ್ಕಾರಗೊಂಡಾಗ ನಕಲು ಹಳೆಯದಾಗಿಯೇ ಉಳಿಯುವುದು. ಎರಡನೆಯ ಮಾರ್ಗದಲ್ಲಿ ಗ್ರಂಥವು ಹಗುರವಾಗಿಯೂ ಮೂಲಕ್ಕೆ ನಿಷ್ಠವಾಗಿಯೂ ಇರುವುದು. ಆದರೆ ಸೂಚಿಸಿದ ಎಡೆಯಲ್ಲಿ ಮೂಲವು ದೊರೆಯದೆ ಹೋದರೆ ಅರ್ಥವೇ ಕೆಡುವುದು. ಈ ತಾರತಮ್ಯವು ಸಾಹಿತ್ಯಸಂಶೋಧಕರಿಗೆ ಚಿರಪರಿಚಿತವಾದುದೇ. ಗಣಕಯಂತ್ರಗಳ ಸಾಫ್ಟ್‌ವೇರನ್ನು ಮಾದರಿಗಳ ಮೂಲಕ ರೂಪಿಸುವ ಶಾಸ್ತ್ರದಲ್ಲಿಯೂ ಇದೇ ಪ್ರಶ್ನೆಯು ಎದ್ದು, ಅಲ್ಲಿ ಅದಕ್ಕೆ ಬಹು ಕಟ್ಟುನಿಟ್ಟಾದ ಉತ್ತರವೊಂದು ದೊರೆತಿದೆ. ಆ ಉತ್ತರವು ಯಾವುದು, ಅದು ಹೇಗೆ ಕೆಲಸಮಾಡುವುದು, ಎಲ್ಲಿ ಎಡವುವುದು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

೨. ಮಾದರಿಯೆಂದರೇನು?

ಮನೆ ಕಟ್ಟುವುದಕ್ಕೆ ಮುಂಚೆ ನಕ್ಷೆಯನ್ನು ಬರೆಯುವಂತೆ, ದೊಡ್ಡ ಪ್ರೋಗ್ರಾಂ ಒಂದನ್ನು ಬರೆಯುವುದಕ್ಕೆ ಮುಂಚೆ ಅದರ ಅಂಗಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ನಿರೂಪಿಸುವ ವಾಡಿಕೆಯುಂಟು. ಇದಕ್ಕಾಗಿ ಗ್ರೇಡಿ ಬೂಚ್, ಜೇಮ್ಸ್ ರಂಬೋ, ಐವರ್ ಯಾಕೊಬ್ಸನ್ ಎಂಬ ಮೂವರು ತಮ್ಮ ತಮ್ಮ ಪದ್ಧತಿಗಳನ್ನು ಕೂಡಿಸಿ ಒಂದು ಸಂಕೇತಭಾಷೆಯನ್ನು ಏರ್ಪಡಿಸಿದರು. ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್, ಸಂಕ್ಷೇಪವಾಗಿ ಯು.ಎಂ.ಎಲ್., ಎಂಬುದು ಅದರ ಹೆಸರು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಂಡಲಿಯು ೧೯೯೭ರಲ್ಲಿ ಇದನ್ನು ಪ್ರಮಾಣವೆಂದು ಅಂಗೀಕರಿಸಿತು. ೨೦೧೭ರಲ್ಲಿ ಇದರ ೨.೫.೧ನೆಯ ಆವೃತ್ತಿಯು ಹೊರಬಂದಿತು.

ಮಾದರಿಯೆಂದರೆ ಕಾಗದದ ಮೇಲಣ ಚಿತ್ರವೆಂದು ಭಾವಿಸಲಾಗದು. ಚಿತ್ರವು ಅದರ ಒಂದು ನೋಟ ಮಾತ್ರ. ನಿಜವಾದ ಮಾದರಿಯು ವ್ಯಾಕರಣಬದ್ಧವಾದ ವಾಕ್ಯದಂತೆ ಘಟಕಗಳ ಒಂದು ವೃಕ್ಷವು: ವರ್ಗಗಳು, ವರ್ಗಗಳೊಳಗೆ ಗುಣಗಳು, ಗುಣಗಳಿಗೆ ಜಾತಿಗಳು. ಈ ವೃಕ್ಷವನ್ನು ಎಕ್ಸ್.ಎಂ.ಐ. ಎಂಬ ಲೇಖನಕ್ರಮದಲ್ಲಿ ಕಡತವಾಗಿ ಬರೆದಿಡುವರು. ಇಂತಹ ಮಾದರಿಗಳನ್ನು ರಚಿಸುವ ಉಪಕರಣಗಳಲ್ಲಿ ಅನೇಕವು ಎಕ್ಲಿಪ್ಸ್ ಮಾಡೆಲಿಂಗ್ ಫ್ರೇಮ್‌ವರ್ಕ್, ಅಂದರೆ ಇ.ಎಂ.ಎಫ್., ಎಂಬ ತಳಹದಿಯ ಮೇಲೆ ನಿಂತಿವೆ. ಫ್ರಾನ್ಸಿನ ಸಿ.ಇ.ಎ. ಸಂಸ್ಥೆಯಲ್ಲಿ ಬೆಳೆದ ಪಪೈರಸ್ ಎಂಬ ಉಪಕರಣವು ಇವುಗಳಲ್ಲಿ ಒಂದು. ಮುಂದಿನ ವಿವರಣೆಯೆಲ್ಲ ಈ ತಳಹದಿಯನ್ನೇ ಉದ್ದೇಶಿಸಿದುದು.

೩. ಭಂಡಾರದ ಅಗತ್ಯ

ಒಂದು ಪುಸ್ತಕಾಲಯಕ್ಕೆ ಬೇಕಾದ ಮಾದರಿಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ‘ಪುಸ್ತಕ’ ಎಂಬ ವರ್ಗವಿದೆ. ಅದಕ್ಕೆ ‘ಶೀರ್ಷಿಕೆ’, ‘ಪುಟಸಂಖ್ಯೆ’ ಎಂಬ ಎರಡು ಗುಣಗಳಿವೆ. ಶೀರ್ಷಿಕೆಯು ಅಕ್ಷರಮಾಲೆ, ಪುಟಸಂಖ್ಯೆಯು ಪೂರ್ಣಾಂಕ. ಹಾಗಾದರೆ ಅಕ್ಷರಮಾಲೆಯೆಂದರೇನು, ಪೂರ್ಣಾಂಕವೆಂದರೇನು ಎಂಬುದನ್ನು ಎಲ್ಲಿ ಹೇಳತಕ್ಕದ್ದು? ಪ್ರತಿಯೊಬ್ಬ ರಚಕನೂ ತನ್ನ ಮಾದರಿಯಲ್ಲಿ ಇವನ್ನು ಹೊಸದಾಗಿ ನಿರೂಪಿಸತೊಡಗಿದರೆ ಒಬ್ಬನ ಪೂರ್ಣಾಂಕವು ಇನ್ನೊಬ್ಬನ ಪೂರ್ಣಾಂಕವಾಗದು. ಆದಕಾರಣ ಯು.ಎಂ.ಎಲ್. ಪ್ರಮಾಣವು ಮೂಲಜಾತಿಗಳನ್ನು ಪ್ರತ್ಯೇಕವಾದೊಂದು ಭಂಡಾರದಲ್ಲಿ ಒಮ್ಮೆಗೇ ನಿರೂಪಿಸಿದೆ. ಅವು ಐದು: ಬೂಲಿಯನ್, ಇಂಟೀಜರ್, ರಿಯಲ್, ಸ್ಟ್ರಿಂಗ್, ಅನ್‌ಲಿಮಿಟೆಡ್ ನ್ಯಾಚುರಲ್, ಅಂದರೆ ಸತ್ಯಾಸತ್ಯಮೌಲ್ಯ, ಪೂರ್ಣಾಂಕ, ವಾಸ್ತವಸಂಖ್ಯೆ, ಅಕ್ಷರಮಾಲೆ, ಅನಂತವನ್ನೂ ಒಳಗೊಂಡ ಸ್ವಾಭಾವಿಕಸಂಖ್ಯೆ. ಇಂಗ್ಲಿಷಿನವರು ಲೈಬ್ರರಿ ಎನ್ನುವ ಇದನ್ನೇ ಈ ಲೇಖನದಲ್ಲಿ ‘ಭಂಡಾರ’ವೆಂದು ಕರೆದಿದೆ.

ಪುಸ್ತಕಾಲಯದ ಮಾದರಿಯನ್ನು ಬಿಚ್ಚಿ ನೋಡಿದರೆ ಅಲ್ಲಿ ಸ್ಟ್ರಿಂಗ್ ಎಂಬುದರ ನಿರೂಪಣೆಯು ಕಾಣದು. ಅದು ಇಂತಹ ಭಂಡಾರದಲ್ಲಿ ಇದೆ ಎಂಬ ಉಲ್ಲೇಖವು ಮಾತ್ರ ಕಾಣುವುದು. ಭಂಡಾರವು ಸಾವಿರಾರು ಮಾದರಿಗಳಿಗೆ ಸಾಮಾನ್ಯವಾದ ಆಸ್ತಿ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಉಲ್ಲೇಖವು ಏಕಮುಖವಾದುದು. ವ್ಯಾಖ್ಯಾನಕ್ಕೆ ಸೂತ್ರವು ಗೊತ್ತು. ಸೂತ್ರಕ್ಕೆ ತನ್ನ ವ್ಯಾಖ್ಯಾನಗಳೆಷ್ಟೆಂದು ಗೊತ್ತಿಲ್ಲ. ಹಾಗೆಯೇ ಮಾದರಿಗೆ ಭಂಡಾರದ ವಿಳಾಸವು ತಿಳಿದಿರುವುದು. ಭಂಡಾರಕ್ಕೆ ತನ್ನನ್ನು ಆಶ್ರಯಿಸಿರುವವರು ಯಾರೆಂಬುದು ತಿಳಿಯದು. ಆದುದರಿಂದ ಭಂಡಾರದಲ್ಲಿ ಒಂದು ಹೆಸರನ್ನು ತಿದ್ದಿದವನಿಗೆ ತಾನು ಎಷ್ಟು ಮಾದರಿಗಳನ್ನು ಕೆಡಿಸಿದೆನೆಂಬುದು ಆ ಕ್ಷಣದಲ್ಲಿ ಅರಿವಾಗುವ ಸಂಭವವಿಲ್ಲ.

೪. ಉಲ್ಲೇಖದ ರಚನೆ

ಉಲ್ಲೇಖದಲ್ಲಿ ಎರಡು ಭಾಗಗಳುಂಟು. ಪೂರ್ವಭಾಗವು ಕಡತದ ವಿಳಾಸ. ಉತ್ತರಭಾಗವು ಆ ಕಡತದೊಳಗೆ ಬೇಕಾದ ಘಟಕದ ಗುರುತು. ಇವೆರಡರ ನಡುವೆ ಹ್ಯಾಷ್ ಚಿಹ್ನೆಯನ್ನು ಇಡುವರು. ಅಂತರಜಾಲದ ವಿಳಾಸಗಳಿಗೂ ಇದೇ ಕ್ರಮವು. ಇದರ ಸಾಮಾನ್ಯ ನಿಯಮಗಳನ್ನು ೨೦೦೫ರ ಜನವರಿಯಲ್ಲಿ ಪ್ರಕಟವಾದ ಆರ್.ಎಫ್.ಸಿ. ೩೯೮೬ ಎಂಬ ಪ್ರಮಾಣಪತ್ರದಲ್ಲಿ ಕಾಣಬಹುದು.

ಉತ್ತರಭಾಗದ ಗುರುತು ಎರಡು ವಿಧವಾಗಿರಬಹುದು. ಒಂದು ಸ್ಥಾನವಾಚಕ: ‘ಮೊದಲನೆಯ ಪೊಟ್ಟಣದ ಮೂರನೆಯ ಘಟಕ’ ಎಂಬಂತೆ. ಇನ್ನೊಂದು ನಾಮವಾಚಕ: ಘಟಕಕ್ಕೆ ಹುಟ್ಟಿನಲ್ಲಿಯೇ ಕೊಟ್ಟ, ಮುಂದೆಂದೂ ಬದಲಾಗದ ಗುರುತು. ಇವುಗಳ ಅಂತರವು ಶಾಸನಾಧ್ಯಯನ ಮಾಡಿದವರಿಗೆ ಒಡನೆಯೇ ಹೊಳೆಯುವುದು. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆಗಳುಂಟು. ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸತೊಡಗಿದ ಪರಿಷ್ಕೃತ ಆವೃತ್ತಿಯಲ್ಲಿ ಹೊಸ ಶಾಸನಗಳು ಸೇರಿ ಸಂಖ್ಯೆಗಳು ಬೇರೆಯಾದುವು. ಯಾವ ಆವೃತ್ತಿಯೆಂಬುದನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಟ್ಟರೆ ವಾಚಕನು ಬೇರೊಂದು ಶಾಸನವನ್ನು ತೆರೆದಾನು. ಅದೂ ಶಾಸನವೇ ಆದಕಾರಣ ತಪ್ಪು ಕೂಡಲೆ ತೋರದೆ ಹೋದೀತು.

ಭಂಡಾರಗಳಲ್ಲಿಯೂ ಈ ಅಪಾಯವು ಕಲ್ಪಿತವಲ್ಲ. ಯು.ಎಂ.ಎಲ್. ೨.೩ನೆಯ ಆವೃತ್ತಿಯಲ್ಲಿ ಮೂಲಜಾತಿಗಳು ನಾಲ್ಕೇ. ರಿಯಲ್ ಎಂಬುದು ಇರಲಿಲ್ಲ. ೨೦೧೧ರ ೨.೪.೧ನೆಯ ಆವೃತ್ತಿಯಲ್ಲಿ ಐದು ಕಾಣುವುವು. ಅಕ್ಷರಾನುಕ್ರಮವಾಗಿ ಜೋಡಿಸಿದರೆ ಹಳೆಯ ಪಟ್ಟಿಯಲ್ಲಿ ಮೂರನೆಯದು ಸ್ಟ್ರಿಂಗ್, ಹೊಸ ಪಟ್ಟಿಯಲ್ಲಿ ಮೂರನೆಯದು ರಿಯಲ್. ಸ್ಥಾನವಾಚಕವಾದ ಉಲ್ಲೇಖವನ್ನು ಬಳಸಿದ್ದರೆ ಪುಸ್ತಕದ ಶೀರ್ಷಿಕೆಯು ಅಕ್ಷರಮಾಲೆಯಾಗಿದ್ದುದು ಸದ್ದಿಲ್ಲದೆ ವಾಸ್ತವಸಂಖ್ಯೆಯಾಗುತ್ತಿತ್ತು. ಎಕ್ಲಿಪ್ಸಿನ ಯು.ಎಂ.ಎಲ್. ಭಂಡಾರದಲ್ಲಿ ನಾಮವಾಚಕ ಗುರುತುಗಳನ್ನೇ ಇಟ್ಟಿರುವುದರಿಂದ ಈ ಅನರ್ಥವು ತಪ್ಪಿದೆ. ಇ.ಎಂ.ಎಫ್.ನಲ್ಲಿ ರಚಕನು ಬೇರೆ ಏರ್ಪಾಡು ಮಾಡದಿದ್ದರೆ ಸ್ಥಾನವಾಚಕವೇ ಸಹಜಕ್ರಮವಾಗುವುದೆಂಬುದನ್ನು ಸ್ವಂತ ಭಂಡಾರಗಳನ್ನು ಕಟ್ಟುವವರು ಮರೆಯತಕ್ಕದ್ದಲ್ಲ.

೫. ಸ್ಮೃತಿಗೆ ತರುವ ಕ್ರಮ

ಕಡತವು ತಟ್ಟೆಯ ಮೇಲೆ ಇರುವವರೆಗೆ ಅದು ಬರಿಯ ಅಕ್ಷರರಾಶಿ. ಗಣಕದ ಸ್ಮೃತಿಗೆ ಬಂದ ಮೇಲೆಯೇ ಅದು ಘಟಕಗಳ ವೃಕ್ಷವಾಗುವುದು. ಇ.ಎಂ.ಎಫ್.ನಲ್ಲಿ ಹೀಗೆ ಸ್ಮೃತಿಗೆ ಬಂದ ಒಂದೊಂದು ಕಡತವನ್ನೂ ‘ರಿಸೋರ್ಸ್’ ಎಂದೂ, ಒಟ್ಟಿಗೆ ಕೆಲಸಮಾಡುವ ರಿಸೋರ್ಸುಗಳ ಕೂಟವನ್ನು ‘ರಿಸೋರ್ಸ್ ಸೆಟ್’ ಎಂದೂ ಕರೆಯುವರು. ನಾವು ಇವನ್ನು ಆಕರ, ಆಕರಸಮೂಹ ಎನ್ನಬಹುದು.

ಪುಸ್ತಕಾಲಯದ ಮಾದರಿಯನ್ನು ತೆರೆದೊಡನೆ ಭಂಡಾರವೂ ತೆರೆಯುವುದೆಂದು ತಿಳಿಯಬಾರದು. ಸ್ಟ್ರಿಂಗ್ ಇರಬೇಕಾದ ಎಡೆಯಲ್ಲಿ ಮೊದಲು ಒಂದು ‘ಪ್ರಾಕ್ಸಿ’, ಅಂದರೆ ಪ್ರತಿನಿಧಿ, ಕುಳಿತಿರುವುದು. ಅದರಲ್ಲಿ ವಿಳಾಸದ ಹೊರತು ಬೇರೆ ಸಾರವಿಲ್ಲ. ಶೀರ್ಷಿಕೆಯ ಜಾತಿಯು ಯಾವುದೆಂದು ಯಾರಾದರೂ ಮೊದಲ ಸಲ ಕೇಳಿದಾಗ ಉಪಕರಣವು ಪ್ರತಿನಿಧಿಯ ವಿಳಾಸವನ್ನು ಓದಿ, ಆ ಆಕರವು ಸಮೂಹದಲ್ಲಿ ಆಗಲೇ ಇದೆಯೇ ಎಂದು ನೋಡುವುದು. ಇದ್ದರೆ ಅದನ್ನೇ ಬಳಸುವುದು, ಇಲ್ಲದಿದ್ದರೆ ಕಡತವನ್ನು ಓದಿ ಸಮೂಹಕ್ಕೆ ಸೇರಿಸುವುದು. ಬಳಿಕ ಉತ್ತರಭಾಗದ ಗುರುತನ್ನು ಹಿಡಿದು ಘಟಕವನ್ನು ಹುಡುಕಿ ಪ್ರತಿನಿಧಿಯ ಜಾಗದಲ್ಲಿ ನಿಜವಾದ ಘಟಕವನ್ನು ಕೂರಿಸುವುದು. ನೂರು ಕಡತಗಳನ್ನು ಆಶ್ರಯಿಸಿದ ದೊಡ್ಡ ಮಾದರಿಯಲ್ಲಿಯೂ ಬೇಕಾದುದು ಮಾತ್ರ ತೆರೆಯುವುದರಿಂದ ಕಾಲವೂ ಸ್ಮೃತಿಯೂ ಉಳಿಯುವುವು. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದುಂಟು: ಮುರಿದುಹೋದ ಉಲ್ಲೇಖವು ಅದನ್ನು ಮುಟ್ಟುವವರೆಗೆ ಮುರಿದುದೆಂದು ತಿಳಿಯದು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಕಡತವು ಸಿಕ್ಕದೆ ಓದುವ ಯತ್ನವು ವಿಫಲವಾದರೆ ಉಪಕರಣವು ಮೊದಲ ಸಲ ದೋಷವನ್ನು ಸಾರುವುದು. ಆದರೆ ಬರಿದಾದ ಆಕರವೊಂದು ಸಮೂಹದಲ್ಲಿ ಉಳಿಯುವುದು. ಎರಡನೆಯ ಸಲ ಕೇಳಿದಾಗ ಆ ಬರಿದಾದ ಆಕರವೇ ದೊರೆತು ದೋಷದ ಸದ್ದೇ ಇಲ್ಲದಂತಾಗುವುದು. ಆದಕಾರಣ ಆಕರವು ತನ್ನಲ್ಲಿ ಬರೆದಿಟ್ಟುಕೊಂಡಿರುವ ದೋಷಗಳ ಪಟ್ಟಿಯನ್ನು ನೋಡುವುದು ಅವಶ್ಯಕ.

೬. ವಿಳಾಸದ ಅಡ್ಡಹೆಸರು

ಭಂಡಾರದ ಕಡತವು ಪ್ರತಿಯೊಬ್ಬರ ಯಂತ್ರದಲ್ಲಿಯೂ ಒಂದೇ ಎಡೆಯಲ್ಲಿ ಇರುವುದಿಲ್ಲ. ನನ್ನ ಯಂತ್ರದ ಮಾರ್ಗವನ್ನು ಮಾದರಿಯಲ್ಲಿ ಬರೆದಿಟ್ಟರೆ ನಿಮ್ಮ ಯಂತ್ರದಲ್ಲಿ ಅದು ನಿರರ್ಥಕವು. ಈ ಕಷ್ಟವನ್ನು ಪರಿಹರಿಸಲು ‘ಪಾತ್‌ಮ್ಯಾಪ್’ ಎಂಬ ಅಡ್ಡಹೆಸರಿನ ವಿಳಾಸವನ್ನು ಬಳಸುವರು. ಮಾದರಿಯಲ್ಲಿ ‘ಯು.ಎಂ.ಎಲ್. ಲೈಬ್ರರೀಸ್’ ಎಂಬ ಅಡ್ಡಹೆಸರು ಮಾತ್ರ ಇರುವುದು. ಅದಕ್ಕೆ ಸರಿಯಾದ ನಿಜಸ್ಥಾನವು ಯಾವುದೆಂಬ ಕೋಷ್ಟಕವನ್ನು ಆಕರಸಮೂಹವು ತನ್ನ ಬಳಿ ಇಟ್ಟುಕೊಂಡಿರುವುದು. ಪತ್ರಿಕೆಯ ಹೆಸರನ್ನು ಸಂಕ್ಷೇಪಾಕ್ಷರಗಳಿಂದ ಸೂಚಿಸಿ ಗ್ರಂಥಾರಂಭದಲ್ಲಿ ಸಂಕ್ಷೇಪಸೂಚಿಯನ್ನು ಕೊಡುವ ಪದ್ಧತಿಗೆ ಇದು ಸಮಾನ.

ಎಕ್ಲಿಪ್ಸ್ ಉಪಕರಣದೊಳಗೆ ಈ ಕೋಷ್ಟಕವು ತಾನಾಗಿ ಸಿದ್ಧವಾಗುವುದು. ಅದೇ ಮಾದರಿಯನ್ನು ಉಪಕರಣದ ಹೊರಗೆ, ಸ್ವತಂತ್ರವಾದೊಂದು ಪ್ರೋಗ್ರಾಮಿನಿಂದ ಓದಹೊರಟರೆ ಕೋಷ್ಟಕವು ಇರುವುದಿಲ್ಲ. ಅದನ್ನು ಮೊದಲು ತುಂಬಿಕೊಳ್ಳಬೇಕು. ಯು.ಎಂ.ಎಲ್. ಮಾದರಿಗಳಿಗಾಗಿ ಇದನ್ನು ಒಂದೇ ಆಜ್ಞೆಯಿಂದ ಮಾಡುವ ಸೌಕರ್ಯವನ್ನು ಅದರ ಕರ್ತೃಗಳು ಒದಗಿಸಿದ್ದಾರೆ. ಉಪಕರಣದಲ್ಲಿ ಸರಿಯಾಗಿ ತೋರಿದ ಮಾದರಿಯು ಹೊರಗೆ ಜಾತಿಹೀನವಾಗಿ ತೋರಿದರೆ ಮೊದಲು ಪರೀಕ್ಷಿಸಬೇಕಾದುದು ಇದನ್ನೇ. ಕೆಟ್ಟಿರುವುದು ಮಾದರಿಯಲ್ಲ, ಸಂಕ್ಷೇಪಸೂಚಿಯ ಪುಟವು ಹರಿದುಹೋಗಿದೆ, ಅಷ್ಟೆ.

೭. ಒಂದೇ ಭಂಡಾರದ ಎರಡು ಪ್ರತಿಗಳು

ಎಲ್ಲಕ್ಕಿಂತ ಗಹನವಾದುದು ಈ ದೋಷವು. ಗಣಕದ ದೃಷ್ಟಿಯಲ್ಲಿ ಎರಡು ಘಟಕಗಳು ಒಂದೇ ಎನಿಸುವುದು ಹೆಸರಿನ ಸಾಮ್ಯದಿಂದಲ್ಲ, ಸ್ಮೃತಿಯಲ್ಲಿ ಅವು ಒಂದೇ ವಸ್ತುವಾಗಿರುವುದರಿಂದ. ಒಂದೇ ಭಂಡಾರದ ಕಡತವನ್ನು ಎರಡು ವಿಳಾಸಗಳಿಂದ ತೆರೆದರೆ, ಎಂದರೆ ಒಮ್ಮೆ ಯೋಜನೆಯ ಒಳವಿಳಾಸದಿಂದಲೂ ಇನ್ನೊಮ್ಮೆ ತಟ್ಟೆಯ ನೇರಮಾರ್ಗದಿಂದಲೂ ತೆರೆದರೆ, ಸಮೂಹದಲ್ಲಿ ಎರಡು ಆಕರಗಳು ಸೇರಿ ಎರಡು ಸ್ಟ್ರಿಂಗುಗಳು ಹುಟ್ಟುವುವು. ಆಗ ‘ಪುಸ್ತಕ’ದ ಶೀರ್ಷಿಕೆಗೂ ‘ಪತ್ರಿಕೆ’ಯ ಶೀರ್ಷಿಕೆಗೂ ಜಾತಿಯು ಒಂದೇ ಏನೆಂದು ಪ್ರೋಗ್ರಾಂ ಹೋಲಿಸಿದರೆ ‘ಅಲ್ಲ’ ಎಂಬ ಉತ್ತರವು ಬರುವುದು. ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವುದರಿಂದ ದೋಷವನ್ನು ಹುಡುಕುವವನು ದಾರಿಗೆಡುವನು.

ವಿಳಾಸವನ್ನು ಹೋಲಿಸುವುದಕ್ಕೆ ಮುಂಚೆ ಇ.ಎಂ.ಎಫ್. ಅದನ್ನು ಕೋಷ್ಟಕದ ನೆರವಿನಿಂದ ಒಂದು ನಿಯತರೂಪಕ್ಕೆ ತರುವುದು. ಆದುದರಿಂದ ಅಡ್ಡಹೆಸರೂ ಅದರ ನಿಜಸ್ಥಾನವೂ ಕೋಷ್ಟಕದಲ್ಲಿ ಇದ್ದರೆ ಎರಡೂ ಒಂದೇ ಆಕರಕ್ಕೆ ಒಯ್ಯುವುವು. ಕೋಷ್ಟಕದಲ್ಲಿ ಇಲ್ಲದ ಸಮಾನತೆಯನ್ನು ಅದು ತಾನಾಗಿ ಊಹಿಸದು. ಹಾಗೆಯೇ ಎರಡು ಬೇರೆ ಆಕರಸಮೂಹಗಳನ್ನು ನಿರ್ಮಿಸಿದರೆ ಒಂದೊಂದಕ್ಕೂ ಭಂಡಾರದ ಬೇರೆ ಬೇರೆ ಪ್ರತಿಯು ಬರುವುದು. ಪರಸ್ಪರ ಸಂಬಂಧವಿರುವ ಮಾದರಿಗಳನ್ನೆಲ್ಲ ಒಂದೇ ಸಮೂಹದಲ್ಲಿ ತೆರೆಯಬೇಕೆಂಬ ನಿಯಮಕ್ಕೆ ಕಾರಣವು ಇದೇ.

೮. ಉಪಸಂಹಾರ

ಮೇಲೆ ಹೇಳಿದುದರಿಂದ ಕೆಲವು ನಿಯಮಗಳು ಸಿದ್ಧಿಸುವುವು. ಭಂಡಾರದ ಘಟಕಗಳಿಗೆ ಸ್ಥಿರವಾದ ಗುರುತುಗಳನ್ನು ಕೊಡಬೇಕು. ಒಮ್ಮೆ ಕೊಟ್ಟುದನ್ನು ಬದಲಿಸಲಾಗದು. ಜೊತೆಯಲ್ಲಿ ಸಂಚರಿಸುವ ಕಡತಗಳ ನಡುವೆ ಸಾಪೇಕ್ಷವಾದ ವಿಳಾಸವನ್ನೂ, ಎಲ್ಲರಿಗೂ ಸಾಮಾನ್ಯವಾದ ಭಂಡಾರಕ್ಕೆ ಅಡ್ಡಹೆಸರನ್ನೂ ಬಳಸಬೇಕು; ಒಂದು ಯಂತ್ರಕ್ಕೆ ಮಾತ್ರ ಸಲ್ಲುವ ಮಾರ್ಗವನ್ನು ಎಂದಿಗೂ ಬರೆಯಬಾರದು. ಮಾದರಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದಕ್ಕೆ ಮುಂಚೆ ಎಲ್ಲ ಪ್ರತಿನಿಧಿಗಳನ್ನೂ ಒಮ್ಮೆ ಬಿಡಿಸಿ, ಬಿಡಿಸಲಾಗದೆ ಉಳಿದುದು ಯಾವುದೆಂದು ನೋಡಬೇಕು. ಭಂಡಾರದ ಆವೃತ್ತಿಯನ್ನು ಮಾದರಿಯೊಡನೆ ನಮೂದಿಸಬೇಕು.

ಸಂಗ್ರಹಾಲಯದಲ್ಲಿ ಬಹುಕಾಲ ಇಡತಕ್ಕ ಮಾದರಿಯ ವಿಷಯವು ಮಾತ್ರ ಬೇರೆ. ವಿಮಾನ, ರೈಲು ಮೊದಲಾದುವು ದಶಕಗಳ ಕಾಲ ಬಾಳತಕ್ಕವು. ಅವುಗಳ ಮಾದರಿಯನ್ನು ರಚಿಸಿದವರು ಹೋದ ಮೇಲೂ ಅದನ್ನು ಓದುವ ಅಗತ್ಯವು ಬೀಳುವುದು. ಅಲ್ಲಿ ಉಲ್ಲೇಖವನ್ನು ಉಲ್ಲೇಖವಾಗಿಯೇ ಉಳಿಸಿ, ಭಂಡಾರದ ಆ ಆವೃತ್ತಿಯ ಪ್ರತಿಯನ್ನೂ ಅಡ್ಡಹೆಸರಿನ ಕೋಷ್ಟಕವನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿಡುವುದು ಯುಕ್ತ. ಇದರಿಂದ ಆರಂಭದಲ್ಲಿ ಹೇಳಿದ ಎರಡು ಮಾರ್ಗಗಳ ಗುಣಗಳೂ ಒಂದೆಡೆ ಕೂಡುವುವು. ಉಲ್ಲೇಖಿಸುವವನ ಹೊಣೆಯು ಎಡೆಯನ್ನು ಸೂಚಿಸುವುದರಿಂದ ತೀರದು. ಆ ಎಡೆಯು ಮುಂದಿನ ವಾಚಕನಿಗೂ ದೊರೆಯುವಂತೆ ಏರ್ಪಡಿಸುವುದೂ ಅದರಲ್ಲಿ ಸೇರಿದೆ.